ಡ್ಯೂಪ್ ಇಲ್ಲ, ರೀಟೇಕ್ ಇಲ್ಲ... ಮೆಣಸಿನ ಮರದ ಮೇಲೆ 'ಕಟ್' ಹೇಳೋರು ಯಾರು?

ಪರದೆಯ ಮೇಲೆ ಹೀರೋ ಸರಸರನೆ ಮರ ಹತ್ತುತ್ತಾನೆ. ಕೆಳಗೆ ಆರು ಜನ ಖಳರು, ಕೈಯಲ್ಲಿ ಮಚ್ಚು. ಹೀರೋ ಒಮ್ಮೆ ಕ್ಯಾಮೆರಾ ಕಡೆ ನೋಡುತ್ತಾನೆ, ತುಟಿಯಂಚಿನಲ್ಲಿ ಒಂದು ನಗು, ಆಮೇಲೆ ದಢಾರ್ ಅಂತ ಜಿಗಿತ! ಮುಂದಿನ ಬೆಂಚಿನಿಂದ ಶಿಳ್ಳೆಯೋ ಶಿಳ್ಳೆ. ಪರದೆಗೆ ಚಿಲ್ಲರೆ ಕಾಸಿನ ಅಭಿಷೇಕ!

ಆದರೆ ನಿಮಗೂ ಗೊತ್ತು, ನನಗೂ ಗೊತ್ತು. ಜಿಗಿದವನು ಹೀರೋ ಅಲ್ಲ, ಡ್ಯೂಪು. ಅವನ ಸೊಂಟಕ್ಕೆ ಕಣ್ಣಿಗೆ ಕಾಣದ ಹಾಗೆ ಹಗ್ಗ ಬಿಗಿದಿತ್ತು. ಫ್ರೇಮಿನ ಆಚೆ, ನೆಲದ ಮೇಲೆ ಹಾಸಿಗೆ, ರಟ್ಟಿನ ಪೆಟ್ಟಿಗೆ ಪೇರಿಸಿದ್ದರು. ಪಕ್ಕದಲ್ಲಿ ಫೈಟ್ ಮಾಸ್ಟರು. ಏನಾದರೂ ಹೆಚ್ಚುಕಮ್ಮಿ ಕಂಡರೆ ಡೈರೆಕ್ಟರು ಮೈಕಿನಲ್ಲಿ ಕೂಗುತ್ತಾರೆ... 'ಕಟ್'!

ಈಗ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಕಳಸದ ಬಸ್ಸು ಹತ್ತಿ ಕೂತ ಮಿತ್ರರೇ, ಸ್ವಲ್ಪ ಕಿಟಕಿಯ ಹೊರಗೆ ನೋಡಿ. ಕೊಟ್ಟಿಗೆಹಾರ ದಾಟಿ ಬಾಳೂರಿನ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ಕಾಫಿ ತೋಟ. ಕಾಫಿ ಗಿಡದ ಮೇಲೆ ನೆಟ್ಟಗೆ ನಿಂತ ಸಿಲ್ವರ್ ಓಕ್ ಮರಗಳು. ಒಂದೊಂದು ಮರಕ್ಕೂ ಸೀರೆ ಉಡಿಸಿದ ಹಾಗೆ ಮೆಣಸಿನ ಬಳ್ಳಿ. ಫೆಬ್ರವರಿಯಿಂದ ಏಪ್ರಿಲ್ ತನಕ ಆ ಬಳ್ಳಿಯ ಮಧ್ಯೆ ಅಲ್ಲಲ್ಲಿ ಒಂದು ಕೆಂಪು ಅಂಗಿ, ಒಂದು ನೀಲಿ ಟವೆಲ್ಲು ಕಾಣುತ್ತೆ. ಅದು ಮನುಷ್ಯ! ಮೂವತ್ತು, ನಲವತ್ತು ಅಡಿ ಮೇಲೆ. ಸೊಂಟಕ್ಕೆ ಕಟ್ಟಿರೋದು ಹಗ್ಗ ಅಲ್ಲ, ಚೀಲ. ಕೆಳಗೆ ಹಾಸಿಗೆ ಇಲ್ಲ, ಕಲ್ಲು ಮತ್ತು ಕಾಫಿ ಗಿಡದ ಕುಳೆ. ಅವನಿಗೆ ಡ್ಯೂಪ್ ಇಲ್ಲ, ರೀಟೇಕ್ ಇಲ್ಲ.

ಸಿನಿಮಾ ಪತ್ರಿಕೆಯಲ್ಲಿ ಇದೆಂಥ ಪುರಾಣ ಅಂತೀರಾ? ತಾಳಿ ಸ್ವಾಮಿ. ಸಿನಿಮಾದಿಂದಲೇ ಶುರು ಮಾಡೋಣ. ಎತ್ತರ ಅನ್ನೋದು ಯಾರ ಮುಖವನ್ನೂ ನೋಡಲ್ಲ, ಸ್ಟಾರನ್ನೂ ಬಿಡಲ್ಲ.

'ಇನ್ನೊಂದೇ ಒಂದು ಟೇಕ್'

1986. ಯುಗೊಸ್ಲಾವಿಯಾ. 'ಆರ್ಮರ್ ಆಫ್ ಗಾಡ್' ಚಿತ್ರದ ಶೂಟಿಂಗು. ಜಾಕಿ ಚಾನ್ ಗೋಡೆಯ ಮೇಲಿಂದ ಒಂದು ಮರದ ಕೊಂಬೆಗೆ ಜಿಗಿಯಬೇಕು. ಅವನಿಗೆ ಇದು ಮಕ್ಕಳಾಟ. ಮೊದಲ ಟೇಕು ಸರಿಯಾಗಿಯೇ ಬಂತು. ಆದರೆ ಜಾಕಿಗೆ ಸಮಾಧಾನ ಇಲ್ಲ, ಇನ್ನೊಂದು ಸಲ ಜಿಗಿದ. ಕೊಂಬೆ ಮುರಿಯಿತು! ತಲೆ ಕಲ್ಲಿಗೆ ಬಡಿದು ಬುರುಡೆ ಬಿರುಕು ಬಿಟ್ಟಿತು. ಮೆದುಳಿನ ಆಪರೇಷನ್ ಆಗಿ ಬದುಕಿದ, ಆದರೆ ಒಂದು ಕಿವಿಯ ಕೇಳುವ ಶಕ್ತಿ ಕುಗ್ಗಿತು. ಆಸ್ಪತ್ರೆಗೆ ಸೇರಿಸಿದ್ದು ದೊಡ್ಡ ಜಲಪಾತ ಅಲ್ಲ, ಗಡಿಯಾರ ಗೋಪುರ ಅಲ್ಲ. ಒಂದು ಮರ, ಒಂದು ಕೊಂಬೆ.

ಅದಕ್ಕೂ ಹಿಂದೆ, 1980ರ ನವೆಂಬರ್ 16. ಮದ್ರಾಸಿನ ಹತ್ತಿರ ಶೋಳಾವರಂ. ಮಲಯಾಳಂನ ಗಂಡುಗಲಿ ಜಯನ್ 'ಕೋಳಿಳಕ್ಕಂ' ಚಿತ್ರಕ್ಕಾಗಿ ಹೆಲಿಕಾಪ್ಟರಿಗೆ ಜೋತುಬಿದ್ದಿದ್ದ. ಹೆಲಿಕಾಪ್ಟರು ನೆಲಕ್ಕಪ್ಪಳಿಸಿತು, ಜಯನ್ ಹೋದ. ಅಷ್ಟರಲ್ಲಾಗಲೇ ಶಾಟ್ ಓಕೆ ಆಗಿತ್ತು, ಇನ್ನೊಂದು ಟೇಕ್ ಬೇಕು ಅಂತ ಹಠ ಹಿಡಿದಿದ್ದೇ ಅವನು ಅಂತ ಕೇರಳದಲ್ಲಿ ಇವತ್ತಿಗೂ ಹೇಳುತ್ತಾರೆ.

ನಮ್ಮ ಗಾಂಧೀನಗರದ ಗಾಯವೂ ಹಸಿಯಾಗೇ ಇದೆ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, 'ಮಾಸ್ತಿಗುಡಿ'. ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಮೂವರಲ್ಲಿ ವಿಜಯ್ ಬದುಕಿ ಬಂದರು. ಅನಿಲ್, ಉದಯ್ ಬರಲಿಲ್ಲ. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಮೈಯಲ್ಲಿ ಕಸುವು ಬೇಕಾದಷ್ಟಿತ್ತು ಸ್ವಾಮಿ, ಆ ಎದೆ, ಆ ತೋಳು ನೋಡಿ ಹುಡುಗರು ಜಿಮ್ಮಿಗೆ ಸೇರುತ್ತಿದ್ದರು! ಇಲ್ಲದ್ದು ಒಂದು ಜಾಕೆಟ್ಟು ಮಾತ್ರ. 2024ರ ಸೆಪ್ಟೆಂಬರಿನಲ್ಲಿ 'ಮನದ ಕಡಲು' ಚಿತ್ರದ ಒಬ್ಬ ಲೈಟ್‌ಬಾಯ್ ಸುಮಾರು 30 ಅಡಿ ಎತ್ತರದಿಂದ ಬಿದ್ದು ತೀರಿಕೊಂಡ. ಅವನ ಹೆಸರು ಎಷ್ಟು ಜನರಿಗೆ ನೆನಪಿದೆ?

30 ಅಡಿ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿದೆ. ಪಿಯುಸಿ ಅರ್ಧಕ್ಕೆ ಬಿಟ್ಟವನು ಫಿಸಿಕ್ಸ್ ಹೇಳಲಿಕ್ಕೆ ಹೊರಟಿದಾನೆ ಅಂತ ನಗಬೇಡಿ, ಇದಕ್ಕೆ ಹೈಸ್ಕೂಲಿನ ಸೂತ್ರ ಸಾಕು. 30 ಅಡಿಯಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಲ್ಲಿರುತ್ತಾನೆ. ಘಾಟಿಯಲ್ಲಿ ಓಡುವ ಬಸ್ಸಿಗೆ ಎದೆಯೊಡ್ಡಿದ ಹಾಗೆ. ಹಿಡಿಯುವ ಸಮಯ? ಒಂದೂವರೆ ಸೆಕೆಂಡೂ ಇಲ್ಲ. ಸಿನಿಮಾ ರೀಲಿನಲ್ಲಿ ಸೆಕೆಂಡಿಗೆ 24 ಫ್ರೇಮು. ಅಂದರೆ 33 ಫ್ರೇಮಿನಲ್ಲಿ ಕಥೆ ಮುಗೀತು. ಕೊಂಬೆ ಹಿಡಿಯುತ್ತೇನೆ, ಬಳ್ಳಿ ಹಿಡಿಯುತ್ತೇನೆ ಅನ್ನೋದೆಲ್ಲ ಸಿನಿಮಾದಲ್ಲಿ, ಅದೂ ಸ್ಲೋ ಮೋಷನ್ನಿನಲ್ಲಿ.

'ಇನ್ನೊಂದೇ ಒಂದು ಮರ'

ಮಾರ್ಚಿಯ ಒಂದು ಮಧ್ಯಾಹ್ನ ಕಳಸದ ದಾರಿಯ ಒಂದು ತೋಟದಲ್ಲಿ ನಿಂತು ನೋಡಿದೆ. ತೋಟದ ಹೆಸರು ಬೇಡ. ಹನ್ನೆರಡೂವರೆ ಇರಬಹುದು. ಎಲೆ ಅಲುಗಾಡದ ಸೆಖೆ. ಮರದ ಮೇಲೆ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಕೆಳಗಿಂದ ಮೇಸ್ತ್ರಿ ಕೂಗಿದರು.

"ಇಳಿಯೋ ಮಾರಾಯ, ಊಟದ ಹೊತ್ತಾಯ್ತು."

"ಇದೊಂದು ಮುಗಿಸ್ತೀನಿ ಮೇಸ್ತ್ರಿ, ಆಚೆದು ಇನ್ನೊಂದೇ ಮರ."

"ನೀರಾದ್ರೂ ಕುಡಿದು ಹತ್ತು."

"ನೀರು ಕುಡಿದ್ರೆ ಮತ್ತೆ ಇಳೀಬೇಕಲ್ಲ!"

ಕೆಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಬಸ್ಸಿನಲ್ಲಿ ವಾಪಸು ಬರುವಾಗಲೂ ಕಿವಿಯಲ್ಲೇ ಇತ್ತು. ಜಾಕಿಯ ಇನ್ನೊಂದು ಟೇಕು, ಜಯನ್‌ನ ಇನ್ನೊಂದು ಟೇಕು, ಈ ಹುಡುಗನ ಇನ್ನೊಂದು ಮರ. ಮೂರೂ ಒಂದೇ ಡೈಲಾಗು ಅಲ್ಲವೇ?

ಹುಡುಗನದು ದುರಾಸೆ ಅಂತ ನಾನು ಹೇಳಲಾರೆ. ಮೆಣಸು ಕುಯ್ಯೋದು ಎಷ್ಟೋ ಕಡೆ ಕಿಲೋ ಲೆಕ್ಕದ ಗುತ್ತಿಗೆ. ಕುಯ್ದಷ್ಟು ಕೂಲಿ. ಮರದಿಂದ ಇಳಿದು ನೆರಳಲ್ಲಿ ಹತ್ತು ನಿಮಿಷ ಕೂತರೆ ಆ ಹತ್ತು ನಿಮಿಷದ ಕಾಸು ಹೋಯಿತು. ಕಾಳು ಹಣ್ಣಾಗಿ ಉದುರಿದರೆ ಸಾಹುಕಾರರಿಗೆ ನಷ್ಟ, ಹೂಮಳೆ ಬರುವ ಮುಂಚೆ ಮುಗಿಸಬೇಕು ಅಂತ ರೈಟರಿಗೆ ಅವಸರ. ತೋಟದಲ್ಲಿ ರೈಟರು ಅಂದರೆ ನನ್ನ ಹಾಗೆ ಪತ್ರಿಕೆಗೆ ಬರೆಯುವವನಲ್ಲ, ಹಾಜರಿ, ಲೆಕ್ಕ ಬರೆಯುವವರು. ಅವರಿಗೆ ತಿಂಗಳ ಸಂಬಳ ಸಿಗುತ್ತೆ, ನನಗೆ ಅದೂ ಇಲ್ಲ! ಇರಲಿ. ಮೇಲಿನಿಂದ ಕೆಳಗಿನ ತನಕ ಎಲ್ಲರಿಗೂ ಅವಸರ. 'ಕಟ್' ಹೇಳುವ ಕೆಲಸ ಯಾರಿಗೂ ಕೊಟ್ಟಿಲ್ಲ.

ಮಲೆನಾಡು ತಂಪು ಅನ್ನೋ ಮಾತು

ಬೆಂಗಳೂರಿನವರು ಏಪ್ರಿಲ್ ಬಂತೆಂದರೆ ತಂಪಿಗೆ ಅಂತ ಚಿಕ್ಕಮಗಳೂರಿಗೆ ಓಡಿಬರುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, 1930 ಮೀಟರ್ ಎತ್ತರದಲ್ಲಿ, ಗಾಳಿಗೆ ಕೂದಲು ಹಾರಿಸಿಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಅದು ತಂಪೇ. ಕಾಫಿ ಗಿಡದ ಬುಡದಲ್ಲಿ ನೆರಳಿದೆ, ಅದೂ ನಿಜ. ಆದರೆ ಮರದ ತುದಿಯಲ್ಲಿರುವವನು ನೆರಳಿನ ಮೇಲಿದ್ದಾನೆ, ಕೆಳಗಲ್ಲ! ಅವನ ಬೆನ್ನಿಗೆ ನೇರ ಬಿಸಿಲು. ಮರಗಸಿ ಮಾಡುವವನ ಕಥೆ ಇನ್ನೂ ಮಜಾ. ಕೊಂಬೆ ಕಡಿದಷ್ಟೂ ತನ್ನ ನೆರಳನ್ನು ತಾನೇ ಕಡಿದುಕೊಳ್ಳುತ್ತಾ ಹೋಗುತ್ತಾನೆ. ಜೊತೆಗೆ ಗಾಳಿಯಲ್ಲಿ ಪಸೆ ಜಾಸ್ತಿಯಿದ್ದರೆ ಬೆವರು ಆರಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗೋದು?

ನೆಲದ ಮೇಲೆ ಒಂದು ಕ್ಷಣ ತಲೆ ತಿರುಗಿದರೆ ಕೂತುಕೊಳ್ಳಬಹುದು. ಮರದ ಮೇಲೆ ತಲೆ ತಿರುಗಿದರೆ ಎಲ್ಲಿ ಕೂರುತ್ತೀರಿ? ಬಿಸಿಲಿನಿಂದ ಸಾಯುವುದಕ್ಕಿಂತ ಬಿಸಿಲಿನಿಂದ ಬಿದ್ದು ಸಾಯುವುದೇ ಇಲ್ಲಿ ಸುಲಭ. ನೀರು ಕಮ್ಮಿಯಾದರೆ ಮೊದಲು ಹೋಗುವುದು ಪ್ರಜ್ಞೆ ಅಲ್ಲ, ಲೆಕ್ಕಾಚಾರ. ಯಾವ ಕೊಂಬೆ ತಡೆಯುತ್ತೆ, ಯಾವುದು ತಡೆಯಲ್ಲ ಅನ್ನೋ ಅಂದಾಜು ತಪ್ಪುತ್ತೆ. ಸಿಲ್ವರ್ ಓಕಿನ ಕೊಂಬೆ ಬೇರೆ ಪೆಡಸು, ಲಟಕ್ ಅಂತ ಮುರಿಯೋ ಜಾತಿ. ಉಪ್ಪು ಬೆವರಾಗಿ ಹೋದರೆ ಕಾಲಿನ ಮೀನಖಂಡ ಸೆಟೆದುಕೊಳ್ಳುತ್ತೆ. ಅಂಗೈ ಬೆವರಿ ಜಾರುತ್ತೆ. ಇದರ ಮೇಲೆ ಚಗಳಿ! ಮಲೆನಾಡಿನವರಿಗೆ ಚಗಳಿ ಚಟ್ನಿ ಅಂದರೆ ಬಾಯಲ್ಲಿ ನೀರೂರುತ್ತೆ, ಆದರೆ ಮೂವತ್ತಡಿ ಮೇಲೆ ಆ ಕೆಂಪು ಇರುವೆಯ ಗೂಡಿಗೆ ಕೈ ಹಾಕಿದವನಿಗೆ ಕಣ್ಣಲ್ಲಿ ನೀರೂರುತ್ತೆ. ಎರಡೂ ಕೈಯಲ್ಲಿ ಕೆರೆದುಕೊಳ್ಳೋಕೆ ಹೋದವನ ಗತಿ ಹೇಳಬೇಕಾಗಿಲ್ಲ. ಹತ್ತುವ ಮುಂಚೆ ಮರವನ್ನೊಮ್ಮೆ ಕೆಳಗಿನಿಂದ ಮೇಲಿನ ತನಕ ನೋಡಿ ಅಂತ ಹಳಬರು ಹೇಳೋದು ಇದಕ್ಕೇ. ಚಗಳಿ ಗೂಡು, ಕಣಜ, ಹೆಜ್ಜೇನು, ಒಣ ಕೊಂಬೆ, ಮತ್ತು ತಂತಿ. ತಂತಿಯ ವಿಷಯ ಮುಂದೆ ಹೇಳುತ್ತೇನೆ.

ನೀರಿನ ಲೆಕ್ಕ ಸರಳ. ಇಪ್ಪತ್ತು ನಿಮಿಷಕ್ಕೆ ಒಂದು ಲೋಟ, ಬಾಯಾರಿಕೆ ಆಗಲಿ ಬಿಡಲಿ. ಒಂದೇ ಸಲ ಚೊಂಬು ಎತ್ತಿ ಗಟಗಟ ಕುಡಿಯೋದಲ್ಲ. ಇಳಿಯುವುದು ಬೇಸರವಾದರೆ ಸಣ್ಣ ಬಾಟಲಿ ಸೊಂಟದ ಚೀಲದಲ್ಲೇ ಇರಲಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಪುನರ್ಪುಳಿ ಪಾನಕ... ನಮ್ಮ ಕಡೆ ಏನು ಕಮ್ಮಿ? ಏನೂ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಚ್ಚೆಯ ಬಣ್ಣ ನೋಡಿಕೊಳ್ಳಿ, ನಾಚಿಕೆ ಬೇಡ. ನಿಂಬೆ ಪಾನಕದ ಹಾಗೆ ತಿಳಿಯಿದ್ದರೆ ಸರಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತೋ, ಅವತ್ತಿಗೆ ಮರ ಸಾಕು. ಹಿಂದಿನ ರಾತ್ರಿ 'ಎಣ್ಣೆ' ಹಾಕಿದವನಂತೂ ಬೆಳಿಗ್ಗೆಯೇ ನೀರಿಲ್ಲದ ಬಾವಿ. ಅವನಿಗೆ ನೆಲದ ಕೆಲಸ ಕೊಡುವುದೇ ಮೇಸ್ತ್ರಿಯ ಜಾಣತನ.

ಇನ್ನೊಂದು ಸಂಗತಿ ನನಗೂ ಹೊಸದು. ಬಿಸಿಲಿಗೆ ಹೆಚ್ಚು ಬಲಿಯಾಗೋದು ಹೊಸಬರು, ಅದೂ ಕೆಲಸಕ್ಕೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು, ಇದು ಬಲ್ಲವರ ಲೆಕ್ಕ. ಈಗ ನಮ್ಮ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನ ಹುಡುಗರಿದ್ದಾರೆ, ಬಯಲುಸೀಮೆಯವರಿದ್ದಾರೆ. ಎರಡು ಹಗಲು ಎರಡು ರಾತ್ರಿ ರೈಲಲ್ಲಿ ಕೂತು ಬಂದವನನ್ನು ಮರುದಿನ ಬೆಳಿಗ್ಗೆಯೇ ಮರ ಹತ್ತಿಸಿದರೆ? ಕನ್ನಡ ಬೇರೆ ಬರಲ್ಲ, 'ತಲೆ ಸುತ್ತುತ್ತೆ' ಅಂತ ಹೇಳುವುದಾದರೂ ಹೇಗೆ?

ಹೊಳೆಯುವ ಏಣಿ

ಈಗ ತಂತಿಯ ಕಥೆ. ಇದನ್ನು ದಯವಿಟ್ಟು ಎರಡು ಸಲ ಓದಿ.

2021ರ ಆಗಸ್ಟ್ 9, ಬಿಡದಿ ಹತ್ತಿರ 'ಲವ್ ಯೂ ರಚ್ಚು' ಚಿತ್ರದ ಫೈಟ್ ಸೀನು. ಕ್ರೇನು, ಅದರಿಂದ ಇಳಿಬಿಟ್ಟ ಲೋಹದ ಹಗ್ಗ, ಮೇಲೆ ಹೈ ಟೆನ್ಷನ್ ಲೈನು. ತಗುಲಿತು. ಒಬ್ಬ ಯುವ ಫೈಟರ್ ಪ್ರಾಣ ಕಳಕೊಂಡ. ಹೊಡೆದಾಟದಲ್ಲಿ ಪಳಗಿದವನು ಸತ್ತಿದ್ದು ಹೊಡೆತದಿಂದಲ್ಲ, ತಲೆಯ ಮೇಲೆ ಏನಿದೆ ಅಂತ ಯಾರೂ ನೋಡದ್ದರಿಂದ.

ಇದೇ ಸೀನು ಕಾಫಿ ಸೀಮೆಯಲ್ಲಿ, ಇಲ್ಲೂ ಪಕ್ಕದ ಕೊಡಗಿನಲ್ಲೂ, ಮೆಣಸಿನ ಕಾಲದಲ್ಲಿ ಮತ್ತೆ ಮತ್ತೆ ನಡೆದಿದೆ. ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು: ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸಾವು. ಒಮ್ಮೊಮ್ಮೆ ಒಬ್ಬ, ಒಮ್ಮೊಮ್ಮೆ ಇಬ್ಬರು. ಏಕೆ ಇಬ್ಬರು? ಉದ್ದದ ಏಣಿಯನ್ನು ಇಬ್ಬರು ಹಿಡಿಯಬೇಕಲ್ಲ!

ಮೊದಲು ಬಿದಿರಿನ ಏಣಿ ಇತ್ತು. ಒಂಟಿ ಬಿದಿರು, ಗಿಣ್ಣಿನ ಕವಲೇ ಮೆಟ್ಟಿಲು. ಆಮೇಲೆ ಅಲ್ಯೂಮಿನಿಯಂ ಬಂತು. ಹಗುರ, ಗೆದ್ದಲು ಹಿಡಿಯಲ್ಲ, ಉದ್ದ ಎಳೆಯಬಹುದು. ಎಲ್ಲಾ ಸರಿ. ಆದರೆ ಅದು ಮೂವತ್ತಡಿ ಉದ್ದದ ಕರೆಂಟು ತಂತಿಯೇ! ತೋಟದೊಳಗೆ ಹಾದುಹೋಗುವ ಲೈನಿನಲ್ಲಿ 11 ಕೆ.ವಿ. ಇರಬಹುದು. ಅಂದರೆ 11,000 ವೋಲ್ಟು. ಮನೆಯ ಬಲ್ಬಿಗೆ ಬರೋದು 230. ಲೈನು ಹಾಕಿದಾಗ ಮರ ಚಿಕ್ಕದಿತ್ತು, ಈಗ ಮರ ಬೆಳೆದು ತಂತಿ ಎಲೆಯ ಮಧ್ಯೆ ಅಡಗಿ ಕೂತಿದೆ. ಬೆವರಿನಲ್ಲಿ ತೊಯ್ದ ಮೈ ಬೇರೆ. ಒಣ ಚರ್ಮಕ್ಕಿಂತ ಒದ್ದೆ ಚರ್ಮ ಕರೆಂಟಿಗೆ ಸಲೀಸು ದಾರಿ.

ನೆನಪಿಡಿ, ಏಣಿ ತಂತಿಗೆ ತಗಲೋದು ಹೆಚ್ಚಾಗಿ ಹತ್ತುವಾಗಲ್ಲ. ಒಂದು ಮರದ ಕೆಲಸ ಮುಗಿದು ಇನ್ನೊಂದಕ್ಕೆ ಸಾಗಿಸುವಾಗ. ಮಡಚಿ, ಮಲಗಿಸಿ, ಮತ್ತೆ ಎತ್ತೋದು ಬೇಸರ ಅಂತ ನಿಲ್ಲಿಸಿಕೊಂಡೇ ನಡೆಯುತ್ತಾರೆ. ಕಣ್ಣು ನೆಲದ ಮೇಲೆ, ಏಣಿಯ ತಲೆ ಆಕಾಶದಲ್ಲಿ. 'ಇನ್ನೊಂದೇ ಮರ' ಅನ್ನೋ ಆ ಅವಸರ ಇಲ್ಲೂ ಬಂತು ನೋಡಿ. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪನ್ನು ನೆಟ್ಟಗೆ ಎತ್ತಿ ಕಸ ಕೊಡವುವವರಿಗೂ ಇದೇ ಗತಿ.

ಮಾಡಬೇಕಾದ್ದು ಇಷ್ಟು. ಏಣಿಯನ್ನು ಮಲಗಿಸಿಯೇ ಹೊತ್ತೊಯ್ಯಿ. ತಂತಿಯಿಂದ ಹತ್ತಡಿ ಒಳಗೆ ಏಣಿ, ಪೈಪು, ದೋಟಿ, ಮನುಷ್ಯ, ಯಾವುದೂ ಬೇಡ. ಅಳೆಯುವಾಗ ಏಣಿ ಬಿದ್ದರೆ ಎಲ್ಲಿಗೆ ಬೀಳುತ್ತೆ ಅನ್ನೋದನ್ನೂ ಸೇರಿಸಿ ಅಳೆಯಿರಿ. ಲೈನಿನ ಕೆಳಗಿನ ಸಾಲಿನ ಮರಗಳಿಗೆ ಬಣ್ಣದ ಪಟ್ಟಿ ಬಳಿದಿಟ್ಟರೆ ಹೊಸಬನಿಗೂ, ಕನ್ನಡ ಬಾರದವನಿಗೂ ಗೊತ್ತಾಗುತ್ತೆ. ಆ ಸಾಲಿನ ಕೆಲಸ ಇದ್ದರೆ ಮೆಸ್ಕಾಂಗೆ ಹೇಳಿ ಲೈನು ಆಫ್ ಮಾಡಿಸಿದ ಮೇಲೆಯೇ. ಫೋನ್ ನಂಬರು 1912. ಫೈಬರ್‌ಗ್ಲಾಸ್ ಏಣಿ ಸಿಗುತ್ತೆ, ಕರೆಂಟು ಹರಿಯಲ್ಲ, ಬೆಲೆ ಜಾಸ್ತಿ. ಆದರೆ ಹುಷಾರು, ಈಗ ಅಡಿಕೆ ಕೊನೆ ತೆಗೆಯಲು ಬಂದಿರುವ ಕಾರ್ಬನ್ ಫೈಬರ್ ದೋಟಿ ಬೇರೆ ಜಾತಿ. ಹೆಸರಲ್ಲಿ ಫೈಬರ್ ಇದೆ ಅಂತ ಮೋಸ ಹೋಗಬೇಡಿ, ಕಾರ್ಬನ್ ಕರೆಂಟು ಹರಿಸುತ್ತೆ. ಕಳಸದ ಅಡಿಕೆ ತೋಟದ ಗೆಳೆಯರು ಇದನ್ನು ಗಮನಿಸಿ. ಬಿದಿರು ಕೂಡ ಹೂಮಳೆಯಲ್ಲಿ ನೆನೆದರೆ ನಂಬಿಕಸ್ತನಲ್ಲ.

ಹಗ್ಗ ಕಟ್ಟಿದರೆ ಗಂಡಸ್ತನ ಕಮ್ಮಿಯಾಗುತ್ತಾ?

"ಹಗ್ಗ ಎಂತಕ್ಕೆ ಮಾರಾಯ್ರೇ, ಹುಟ್ಟಿದಾಗಿಂದ ಮರ ಹತ್ತಿದವರು ನಾವು" ಅಂತ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಾಲಿನ ಹಿಡಿತ ನೋಡಿದರೆ ಮಾತು ಸುಳ್ಳಲ್ಲ. ತೇಜಸ್ವಿಯವರು ಇದೇ ಮೂಡಿಗೆರೆಯಲ್ಲಿ ಕೂತು 'ಕರ್ವಾಲೊ' ಬರೆದು 1980ರಲ್ಲಿ ಜೇನಿನ ಮಂದಣ್ಣನನ್ನು ಲೋಕಕ್ಕೆ ತೋರಿಸಿದರು. ಅಂಥ ಮಂದಣ್ಣಂದಿರು ಈ ಕಾಡಿನಲ್ಲಿ ಇವತ್ತೂ ಇದ್ದಾರೆ. ಆದರೆ ಅಷ್ಟು ಪಳಗಿದ ಸ್ಟಂಟ್ ಮಾಸ್ಟರುಗಳೇ ಹಗ್ಗ ಇಲ್ಲದೆ ಹತ್ತುವುದಿಲ್ಲ ಅಂದಮೇಲೆ ನಮಗೆ ಯಾಕೆ ಬಿಗುಮಾನ?

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೇಡ, ಬಿದ್ದಾಗ ನಡು ಮುರಿಯುತ್ತೆ. ತೊಡೆ, ಎದೆ, ಭುಜ ಎಲ್ಲ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಬೇಕು. ಐಎಸ್ 3521 ಅಂತ ಗುರುತು ಇದೆಯಾ ನೋಡಿ ಕೊಳ್ಳಿ. ಅದನ್ನು ಬಿಗಿಯುವುದು ಕಾಂಡಕ್ಕೆ. ಬಳ್ಳಿಗೂ ಅಲ್ಲ, ಪಕ್ಕದ ಕೊಂಬೆಗೂ ಅಲ್ಲ. ಹಗ್ಗ ಉಜ್ಜಿ ಬಳ್ಳಿ ಕಿತ್ತು ಬರುತ್ತೆ ಅಂತ ಗೊಣಗುವ ಸಾಹುಕಾರರೂ ಇದ್ದಾರೆ. ಬಳ್ಳಿ ಮುಂದಿನ ಮಳೆಗಾಲಕ್ಕೆ ಮತ್ತೆ ನೆಟ್ಟರೆ ಚಿಗುರುತ್ತೆ ಸ್ವಾಮಿ.

ಏಣಿಯ ಬುಡ ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಹೊರಗಿರಬೇಕು. ತುದಿಯನ್ನು ಕಾಂಡಕ್ಕೆ ಕಟ್ಟಬೇಕು, ದುಂಡು ಕಾಂಡಕ್ಕೆ ಒರಗಿದ ಏಣಿ ಪಕ್ಕಕ್ಕೆ ಉರುಳೋದು ಜಾಸ್ತಿ. ಎರಡು ಕಾಲು ಒಂದು ಕೈ, ಇಲ್ಲಾ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಕಡೆ ಹಿಡಿತ. ಮತ್ತೆ, ಒಬ್ಬರೇ ಹತ್ತಬೇಡಿ. ಹಾರ್ನೆಸ್ ಹಾಕಿಕೊಂಡು ಬಿದ್ದವನು ಗಾಳಿಯಲ್ಲಿ ನೇತಾಡುತ್ತಾ ಇದ್ದರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೆ ಕುತ್ತು ಬರುತ್ತೆ. ಕೆಲವೇ ನಿಮಿಷದಲ್ಲಿ ಇಳಿಸಬೇಕು.

ಕೆಳಗೆ ನಿಂತವನೇ ಇಲ್ಲಿ ಡೈರೆಕ್ಟರು. ಅವನಿಗೆ ಒಂದು ಅಧಿಕಾರ ಕೊಡಿ. ಉದ್ದ ಶಿಳ್ಳೆ ಹೊಡೆದರೆ ಮೇಲಿರುವವನು ಮಾತಿಲ್ಲದೆ ಇಳಿಯಬೇಕು, ಮರ ಅರ್ಧ ಆಗಿರಲಿ, ಮುಕ್ಕಾಲು ಆಗಿರಲಿ. ಶಿಳ್ಳೆ ಹೊಡೆಯೋಕೆ ನಮ್ಮ ಅಭಿಮಾನಿಗಳಿಗೆ ಹೇಳಿಕೊಡಬೇಕೇ! ಶಿಳ್ಳೆಗೆ ಭಾಷೆಯೂ ಬೇಡ, ಅಸ್ಸಾಮಿನವನಿಗೂ ಅರ್ಥವಾಗುತ್ತೆ. ಎತ್ತರದ ಮರಗಳನ್ನು ಬೆಳಗಿನ ಹೊತ್ತಿಗೇ ಮುಗಿಸಿ, ಹನ್ನೆರಡರಿಂದ ಮೂರರ ತನಕ ನೆರಳಲ್ಲಿ ಕಾಳು ಬಿಡಿಸುವ ಕೆಲಸ ಇಟ್ಟುಕೊಂಡರೆ ಸಾಹುಕಾರರ ಗಂಟೇನೂ ಹೋಗಲ್ಲ. ಗುಡುಗು ಕೇಳಿದ ತಕ್ಷಣ ಮರದಿಂದ ಇಳಿಯಬೇಕು, ಅದಕ್ಕೆ ಶಿಳ್ಳೆಯೂ ಬೇಕಿಲ್ಲ.

ಆಗಿಯೇ ಹೋದರೆ...

ಬಿಸಿಲಿನಲ್ಲಿದ್ದವನು ಇದ್ದಕ್ಕಿದ್ದಂತೆ ತೊದಲುತ್ತಾನೆ, ಸಂಬಂಧವಿಲ್ಲದ ಮಾತಾಡುತ್ತಾನೆ, ತೂರಾಡುತ್ತಾನೆ. ಜೊತೆಯವರು 'ಬೆಳಿಗ್ಗೆಯೇ ಏರಿಸಿದಾನೆ' ಅಂತ ನಗುತ್ತಾರೆ. ಆ ನಗು ಒಂದು ಜೀವ ತೆಗೆಯಬಹುದು. ಮೈ ಕೆಂಡದ ಹಾಗೆ ಕಾದಿದೆಯಾ ಮುಟ್ಟಿ ನೋಡಿ. ಒಳಗಿನ ಬಿಸಿ 40 ಡಿಗ್ರಿ ದಾಟಿದರೆ ಮೆದುಳೇ ಬೇಯುತ್ತಿದೆ ಅಂತ ಅರ್ಥ. ಜೀಪು ಹುಡುಕಿಕೊಂಡು ಓಡುವ ಮೊದಲು ತಣ್ಣೀರು ಸುರಿಯಿರಿ! ನೆರಳಿಗೆ ತನ್ನಿ, ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಹೊಯ್ಯಿರಿ, ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಒಬ್ಬ 108ಕ್ಕೆ ಫೋನ್ ಮಾಡಲಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನೂ ಬಿಡಬೇಡಿ.

11 ಕೆ.ವಿ. ತಗುಲಿ ಬಿದ್ದವನ ಹತ್ತಿರ ಓಡಬೇಡಿ. ಕರುಳು ಕಿತ್ತು ಬರುತ್ತೆ, ಗೊತ್ತು. ಅಣ್ಣನನ್ನು ಹಿಡಿಯೋಕೆ ಹೋಗಿ ತಮ್ಮನೂ ಸಾಯುವುದು ಹೀಗೇ. ಒಣಗಿದ ಕೋಲು, ರಬ್ಬರ್ ಚಪ್ಪಲಿ ಇವೆಲ್ಲ 11,000 ವೋಲ್ಟಿನ ಮುಂದೆ ಆಟದ ಸಾಮಾನು. ದೂರ ನಿಂತು 1912ಕ್ಕೆ ಹೇಳಿ ಲೈನು ನಿಲ್ಲಿಸಿದ ಮೇಲೆಯೇ ಮುಟ್ಟಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡು ಇಂಚು ಒಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬ ಮುಂದುವರಿಸಲಿ.

ಮರದಿಂದ ಬಿದ್ದವನ ವಿಷಯದಲ್ಲಿ ನಾವು ಮಾಡುವ ಅನಾಹುತ ನೋಡಿದರೆ ಹೊಟ್ಟೆ ಉರಿಯುತ್ತೆ. ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಮೂಟೆಯ ಹಾಗೆ ಎತ್ತಿ ಜೀಪಿಗೆ ತುರುಕುತ್ತೇವೆ. ಮರದಿಂದ ಬಿದ್ದಾಗ ಬಿರುಕು ಮಾತ್ರ ಬಿಟ್ಟಿದ್ದ ಬೆನ್ನುಮೂಳೆ ಜೀಪಿನಲ್ಲಿ ಜರುಗಿ, ಒಳಗಿನ ಬೆನ್ನುಹುರಿ ಕತ್ತರಿಸುತ್ತೆ. ಆಮೇಲೆ ಸೊಂಟದ ಕೆಳಗೆ ಜೀವನ ಪೂರ್ತಿ ಸ್ಪರ್ಶವಿಲ್ಲ. ಒಂದು ಹಲಗೆ ತನ್ನಿ, ಹಳೇ ಬಾಗಿಲಾದರೂ ಆದೀತು. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ನಾಲ್ಕೈದು ಜನ ಒಟ್ಟಿಗೆ ಹೊರಳಿಸಿ ಹಲಗೆಗೆ ತಂದು, ತಲೆಯ ಎರಡೂ ಬದಿ ಬಟ್ಟೆ ಸುತ್ತಿ ಒತ್ತು ಕೊಟ್ಟು ಕಟ್ಟಿ. ಕೂರಿಸಬೇಡಿ, ನೀರು ಕುಡಿಸಬೇಡಿ.

ಹಾಸಿಗೆ ಹಿಡಿದವರ ಮನೆಯ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗಿ ಕೊಳೆಯುತ್ತೆ. ಹೆಂಡತಿ ಕೂಲಿಗೆ ಹೋಗಬೇಕೋ, ಗಂಡನ ಮಗ್ಗುಲು ಬದಲಿಸಬೇಕೋ? ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸೌತಡ್ಕದಲ್ಲಿ 'ಸೇವಾಧಾಮ' ಎಂಬ ಪುನಶ್ಚೇತನ ಕೇಂದ್ರವಿದೆ, ಬೆನ್ನುಹುರಿ ಏಟಾದವರಿಗಾಗಿಯೇ. ನಿಮ್ಮ ಊರಿನಲ್ಲಿ ಅಂಥವರು ಇದ್ದರೆ ತಿಳಿಸಿ.

ತಬರನ ಹಾಗೆ ಅಲೆಯಬೇಡಿ

ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ನೋಡದವರು ನೋಡಿ. ಅದೂ ತೇಜಸ್ವಿಯವರ ಕಥೆಯೇ. ಚಾರುಹಾಸನ್ ಮಾಡಿದ ತಬರ ಪೆನ್ಷನ್ನಿಗೆ ಆಫೀಸಿನಿಂದ ಆಫೀಸಿಗೆ ಅಲೆಯುತ್ತಾನೆ. ದುಡ್ಡು ಬರುವಷ್ಟರಲ್ಲಿ ಹೆಂಡತಿ ಇಲ್ಲ. ಆ ಪಾತ್ರಕ್ಕೆ ಚಾರುಹಾಸನ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ನಮ್ಮ ಮರದ ಹೀರೋಗಳ ಮನೆಯವರಿಗೆ ಬರುವುದು ಹೆಚ್ಚಾಗಿ ಅಲೆದಾಟ ಮಾತ್ರ.

ಕೆಲಸದಲ್ಲಿ ಅಪಘಾತವಾದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನೋ ಕಾನೂನು ನಿನ್ನೆ ಮೊನ್ನೆಯದಲ್ಲ, 1923ರಿಂದ ಇದೆ. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಸತ್ತರೆ, ಮಾಲೀಕರ ತಪ್ಪಿತ್ತು ಅಂತ ಮನೆಯವರು ಸಾಬೀತು ಮಾಡಬೇಕಾಗಿಯೂ ಇಲ್ಲ. ಆದರೆ ಅವನು ಆ ದಿನ ಆ ತೋಟದಲ್ಲಿ ಕೆಲಸಕ್ಕಿದ್ದ ಅಂತಾದರೂ ತೋರಿಸಬೇಕಲ್ಲ? ಕಿಲೋ ಲೆಕ್ಕದ ಗುತ್ತಿಗೆಯವರ ಹೆಸರು ಎಷ್ಟೋ ಸಲ ಚೆಕ್‌ರೋಲಿನಲ್ಲಿ ಇರೋದೇ ಇಲ್ಲ. 'ಆಸ್ಪತ್ರೆ ಖರ್ಚು ನೋಡ್ಕೊಳ್ತೀವಿ, ಸುಮ್ನಿರಿ' ಅಂತ ಮಾತಲ್ಲೇ ಮುಗಿಯುತ್ತೆ. ಸುಮ್ಮನಿರಬೇಡಿ. ಪೊಲೀಸ್ ದೂರು, ಆಸ್ಪತ್ರೆಯ ಚೀಟಿ, ಎರಡೂ ಅವತ್ತೇ ಆಗಬೇಕು.

ಇನ್ನು ಒಂದು 20 ರೂಪಾಯಿಯ ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಇದೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವಯಸ್ಸಿನ ಯಾರಾದರೂ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಇಂಟರ್‌ವಲ್ಲಿನಲ್ಲಿ ಒಂದು ಪೊಟ್ಟಣ ಪಾಪ್‌ಕಾರ್ನಿಗೆ ಇದಕ್ಕಿಂತ ಜಾಸ್ತಿ ಕೊಡುತ್ತೀರಿ! ಮೆಣಸಿನ ಕೆಲಸಕ್ಕೆ ಹೊರಡುವ ಮುಂಚೆ ಬ್ಯಾಂಕಿಗೆ ಒಮ್ಮೆ ಹೋಗಿ ಫಾರಂ ತುಂಬಿ, ನಾಮಿನಿ ಹೆಸರು ಮರೆಯದೆ ಬರೆಸಿ. ಕೆಲಸ ಶುರುವಾದ ದಿನ ರೈಟರ ಹತ್ತಿರ ಹೋಗಿ, "ಸಾರ್, ನನ್ನ ಹೆಸರು ಬರ್ಕೊಂಡ್ರಾ?" ಅಂತ ಕೇಳಿ, ಚೆಕ್‌ರೋಲಿನಲ್ಲಿ ನಿಮ್ಮ ಹೆಸರಿರುವ ಆ ಪುಟದ ಒಂದು ಫೋಟೋ ಮೊಬೈಲಿನಲ್ಲಿ ಹೊಡೆದಿಟ್ಟುಕೊಳ್ಳಿ. ನಿಮ್ಮ ಹೀರೋನ ಫೋಟೋ ಪಕ್ಕದಲ್ಲೇ ಇರಲಿ, ಜಾಗವೇನೂ ಕಮ್ಮಿ ಬೀಳಲ್ಲ.